ಉದಗೀರದ ಗೆಲುವು, ಪರದೆಯ ಗಂಡಸು

2019ರ ಡಿಸೆಂಬರ್ 6ರಂದು ತೆರೆಕಂಡ ಆಶುತೋಷ್ ಗೋವಾರಿಕರ್ ಅವರ ಹಿಂದಿ ಚಿತ್ರ ‘ಪಾಣಿಪತ್’ ಶುರುವಾಗುವುದೇ ಉದಗೀರ ಕೋಟೆಯ ಮೇಲಿನ ದಾಳಿಯಿಂದ. ಮರಾಠಾ ಸೇನಾನಿ ಸದಾಶಿವರಾವ್ ಭಾವೂ ಪಾತ್ರದ ಅರ್ಜುನ್ ಕಪೂರ್ ಕತ್ತಿ ಹಿರಿದು ನುಗ್ಗುತ್ತಾರೆ, ಕೋಟೆ ಕೈವಶವಾಗುತ್ತದೆ. ಗಂಡಸು ಎಂದರೆ ತೋಳು, ಕತ್ತಿ, ಆರ್ಭಟ.

1956ರವರೆಗೆ ಬೀದರ್ ಜಿಲ್ಲೆಗೇ ಸೇರಿದ್ದ ಉದಗೀರ–ನಿಲಂಗಾ ಸೀಮೆಯ ಚರಿತ್ರೆ ಹೇಳುವ ಕಥೆ ಬೇರೆ. 1760ರಲ್ಲಿ ಇಲ್ಲಿ ನಡೆದದ್ದು ಬಹುಮಟ್ಟಿಗೆ ಬೆನ್ನಟ್ಟಿ ಹಣ್ಣು ಮಾಡಿದ ಕಾಳಗ. ನಿಜಾಮ ಸಲಾಬತ್ ಜಂಗ್ ಮತ್ತು ಅವನ ತಮ್ಮ ನಿಜಾಮ್ ಅಲಿ ತೋಪುಗಳ ಕಾವಲಿನಲ್ಲಿ ಉದಗೀರದಿಂದ ಔಸಾ ಕಡೆಗೆ ದಂಡು ಹೊರಡಿಸಿದರು. ಮರಾಠಾ ಸವಾರರು ಸುತ್ತುವರಿದು ಕಾಳು, ಮೇವು ಬರುವ ದಾರಿ ಕಟ್ಟಿದರು. ಫೆಬ್ರವರಿ 3ರಂದು ಹಿಂಬದಿಯ ಪಡೆಯ ಮೇಲೆ ಬಿದ್ದು ಅದನ್ನು ಮುರಿದರು. ಒಪ್ಪಂದದಲ್ಲಿ ಸುಮಾರು 60 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆ ಮರಾಠರ ಪ್ರಧಾನಿಯಾದ ಪೇಶ್ವೆಗೆ ಹೋಯಿತು; ನಮ್ಮ ಬಿಜಾಪುರವೂ ಅದರಲ್ಲಿತ್ತು.

ಆ ಗೆಲುವಿನಲ್ಲಿ ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳ ಪಾಲು ದೊಡ್ಡದು. ಫ್ರೆಂಚ್ ಸೇನಾನಿ ಬುಸ್ಸಿಯ ಬಳಿ ಪಳಗಿದ ಅವನು ನಿಜಾಮನ ಚಾಕರಿ ಬಿಟ್ಟು ಆಗಲೇ ಪೇಶ್ವೆಯ ಕಡೆ ಬಂದಿದ್ದ. ಚಿತ್ರದಲ್ಲಿ ಅವನು ಸೇರುವುದು ಗೆದ್ದ ಮೇಲೆ.

ಹೆಚ್ಚು ನೋಯಿಸುವುದು ಭಾವೂನ ಚಿತ್ರಣ. ಪೇಶ್ವೆ ನಾನಾಸಾಹೇಬನ ಚಿಕ್ಕಪ್ಪನ ಮಗನಾದ ಅವನು ವರ್ಷಗಟ್ಟಲೆ ದಿವಾನನಾಗಿ ಆಡಳಿತ, ಜಮಾಖರ್ಚು ನೋಡಿದವನು. ಚಿತ್ರದಲ್ಲಿ ಆ ಕೆಲಸ ಪೇಶ್ವೆಯ ಹೆಂಡತಿ ಗೋಪಿಕಾಬಾಯಿಯ ಅಸೂಯೆಯಿಂದ ಬಂದ ಶಿಕ್ಷೆ. ರಣರಂಗದ ವೀರನನ್ನು ಲೆಕ್ಕದ ಪುಸ್ತಕದ ಮುಂದೆ ಕೂರಿಸಿ ಕುಗ್ಗಿಸಿದಂತೆ. ಸಾವಿರಾರು ಜನರಿಗೆ, ಕುದುರೆಗಳಿಗೆ ದಿನವೂ ತಿನ್ನಿಸಬೇಕಾದವನಿಗೆ ಲೆಕ್ಕ ಅವಮಾನವೆ? ಉದಗೀರದಲ್ಲಿ ಮರಾಠರು ನಿಜಾಮನಿಗೆ ಮಾಡಿದ್ದನ್ನೇ ಪಾಣಿಪತ್‌ನಲ್ಲಿ ಅಫ್ಘನ್ ದೊರೆ ಅಹ್ಮದ್ ಶಾ ಅಬ್ದಾಲಿ ಅವರಿಗೆ ಮಾಡಿದ. ಧಾನ್ಯದ ದಾರಿ ಕಟ್ಟಿದ. 1761ರ ಜನವರಿ 14ರಂದು ಭಾವೂನ ಸೈನ್ಯ ಕಣಕ್ಕಿಳಿದದ್ದು ಹಸಿದ ಹೊಟ್ಟೆಯಲ್ಲಿ.

ಎದುರಾಳಿಯ ಗಂಡಸುತನಕ್ಕೂ ಒಂದು ಅಚ್ಚು ಸಿದ್ಧವಿರುತ್ತದೆ: ಅವನು ಕ್ರೂರಿ. ಸಂಜಯ್ ದತ್ ಮಾಡಿದ ಅಬ್ದಾಲಿ ಪಾತ್ರದ ಬಗ್ಗೆ ದೆಹಲಿಯ ಅಫ್ಘನ್ ರಾಯಭಾರ ಕಚೇರಿ ಬಿಡುಗಡೆಗೆ ಮೊದಲೇ ಕಳವಳ ತಿಳಿಸಿತ್ತು. ಭರತಪುರದ ಜಾಟ್ ದೊರೆ ಸೂರಜ್‌ಮಲ್‌ನನ್ನು ದುರಾಸೆಯವನಂತೆ ತೋರಿಸಿದ್ದಕ್ಕೆ ರಾಜಸ್ಥಾನದಲ್ಲಿ ಪ್ರತಿಭಟನೆ ಎದ್ದು, ಚಿತ್ರಕ್ಕೆ ಕತ್ತರಿ ಬಿತ್ತು. ತನ್ನ ನಾಯಕನ ಜಾಣತನವನ್ನೇ ಚಿತ್ರ ಕಿರಿದು ಮಾಡಿದ್ದಕ್ಕೆ ಮಾತ್ರ ಅಂಥ ಗದ್ದಲವಾಗಲಿಲ್ಲ.

ಭಾಲ್ಕಿ, ಬೀದರ್ ಕಡೆಯಿಂದ ಮಕ್ಕಳನ್ನು ಉದಗೀರ ಕೋಟೆಗೆ ಕರೆದೊಯ್ಯುವ ಮೇಷ್ಟ್ರುಗಳು ಕತ್ತಿಯ ಕಥೆಯ ಜೊತೆಗೆ ಮೇವಿನ ದಾರಿ, ತೋಪಿನ ಗುರಿ, ದಿವಾನನ ಲೆಕ್ಕದ ಕಥೆಯನ್ನೂ ದಯವಿಟ್ಟು ಹೇಳಲಿ.