ಗ್ರೀನ್‌ಕಾರ್ಡ್ ಬಿಟ್ಟುಕೊಡುವವರ ತೆರಿಗೆ: ಅಮೆರಿಕದ ನಿರ್ಗಮನ ಕಾನೂನು ಮತ್ತು ಬೆಂಗಳೂರಿನ ನಿವೇಶನ

ಪ್ರಜೆ ಎಲ್ಲೇ ನೆಲೆಸಿರಲಿ, ಅವರ ಆದಾಯಕ್ಕೆ ತೆರಿಗೆ ವಿಧಿಸುವ ಅಧಿಕಾರ ಅಮೆರಿಕಕ್ಕಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1924ರಲ್ಲಿ, ಮೆಕ್ಸಿಕೊವಾಸಿ ಪ್ರಜೆಯೊಬ್ಬರ ‘ಕುಕ್ ವಿರುದ್ಧ ಟೇಟ್’ ಪ್ರಕರಣದಲ್ಲಿ, ಎತ್ತಿಹಿಡಿಯಿತು. ಆದ್ದರಿಂದ ಪೌರತ್ವ ತ್ಯಜಿಸುವವರ ಲೆಕ್ಕವನ್ನೂ ಅದು ಚುಕ್ತಾ ಮಾಡಿಸಿಕೊಳ್ಳುತ್ತದೆ. 2008ರ ಜೂನ್ 17ರಿಂದ ಜಾರಿಯಲ್ಲಿರುವ, ಅಲ್ಲಿನ ತೆರಿಗೆ ಕಾನೂನಿನ 877ಎ ಕಲಮು ದೀರ್ಘಕಾಲದ ಗ್ರೀನ್‌ಕಾರ್ಡ್‌ದಾರರಿಗೂ ಅನ್ವಯಿಸುತ್ತದೆ. ಊರಿಗೆ ಮರಳುವ ಕನ್ನಡಿಗರಿಗೆ ತಟ್ಟುವುದು ಈ ಭಾಗವೇ.

‘ದೀರ್ಘಕಾಲ’ವೆಂದರೆ ಕಳೆದ 15 ತೆರಿಗೆ ವರ್ಷಗಳಲ್ಲಿ 8. ವರ್ಷದಲ್ಲಿ ಒಂದೇ ದಿನ ಕಾರ್ಡ್ ಇದ್ದರೂ ಅದು ಇಡೀ ವರ್ಷವೆನಿಸುತ್ತದೆ. 2015ರ ಡಿಸೆಂಬರ್‌ನಲ್ಲಿ ಕಾರ್ಡ್ ಪಡೆದು 2022ರ ಜನವರಿಯಲ್ಲಿ ಬಿಟ್ಟವರಿಗೆ ಆರು ವರ್ಷ ಚಿಲ್ಲರೆಯಲ್ಲೇ ಎಂಟು ತುಂಬಿಬಿಡುತ್ತದೆ. ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ತೆರಿಗೆಯ ನಂಟು ಕಡಿಯುವುದಿಲ್ಲ. ಐ-407 ನಮೂನೆ ಸಲ್ಲಿಸಬೇಕು. ಬಳಿಕ 8854 ನಮೂನೆಯಲ್ಲಿ ಹಿಂದಿನ ಐದು ವರ್ಷ ತೆರಿಗೆ ನಿಯಮ ಪಾಲಿಸಿದ್ದಾಗಿ ದೃಢೀಕರಿಸಬೇಕು. ದೃಢೀಕರಿಸದಿದ್ದರೆ, ನಿವ್ವಳ ಆಸ್ತಿ 20 ಲಕ್ಷ ಡಾಲರ್ ಮುಟ್ಟದ ಸಾಮಾನ್ಯ ನೌಕರರೂ ಸಿರಿವಂತರ ಸಾಲಿಗೆ ಸೇರುತ್ತಾರೆ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಆ ಸಾಲಿಗೆ ಸೇರಿದವರ ಬಹುಪಾಲು ಆಸ್ತಿ ನಿರ್ಗಮನದ ಹಿಂದಿನ ದಿನ ಮಾರಾಟವಾಯಿತೆಂದೇ ಕಾನೂನು ಭಾವಿಸುತ್ತದೆ. ಜಯನಗರದ ನಿವೇಶನವೂ ಅದರಲ್ಲಿ ಬರುತ್ತದೆ. ಲಾಭದಲ್ಲಿ ನಿಗದಿತ ಮೊತ್ತಕ್ಕೆ ವಿನಾಯಿತಿ ಉಂಟು: 2024ಕ್ಕೆ 8,66,000 ಡಾಲರ್. ಇನ್ನೊಂದು ಅನುಕೂಲವನ್ನು ಹಲವರು ಗಮನಿಸುವುದಿಲ್ಲ. ಅಮೆರಿಕದ ನಿವಾಸಿಯಾಗುವ ಮೊದಲೇ ನಿವೇಶನ ಕೈಲಿದ್ದರೆ, ನಿವಾಸಿಯಾದ ದಿನದ ಮಾರುಕಟ್ಟೆ ಬೆಲೆಯನ್ನೇ ಮೂಲಬೆಲೆಯಾಗಿ ತೋರಿಸಬಹುದು. ಅದಕ್ಕೆ ಅಂದಿನ ಬೆಲೆಗೆ ಒಪ್ಪುವಂಥ ಮೌಲ್ಯಮಾಪನ ಪತ್ರ ಬೇಕು. ಕ್ರಯಪತ್ರದ ಮೊತ್ತವನ್ನು ನೆಚ್ಚಿಕೊಂಡರೆ ನಷ್ಟ.

ಭಾರತಕ್ಕೆ ಈ ಕಾಲ್ಪನಿಕ ಮಾರಾಟದ ಗೊಡವೆಯಿಲ್ಲ. ಮುಂದೆ ನಿವೇಶನ ನಿಜವಾಗಿ ಮಾರಿದಾಗ ಇಲ್ಲಿ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ. ಒಂದೇ ಏರಿಕೆಗೆ ಎರಡು ದೇಶ, ಎರಡು ಕಾಲ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 13ನೇ ವಿಧಿ ಬಂಡವಾಳ ಲಾಭವನ್ನು ಆಯಾ ದೇಶದ ಕಾನೂನಿಗೇ ಬಿಟ್ಟಿದೆ. ಕೆನಡಾ ಅಮೆರಿಕದೊಂದಿಗಿನ ತನ್ನ ಒಪ್ಪಂದದ 2007ರ ತಿದ್ದುಪಡಿಯಲ್ಲಿ, ಎರಡೂ ಕಡೆ ಅದೇ ದಿನ ಮಾರಾಟವಾಯಿತೆಂದು ಎಣಿಸಿಕೊಳ್ಳುವ ಆಯ್ಕೆಯನ್ನು ತೆರಿಗೆದಾರರಿಗೆ ದಕ್ಕಿಸಿಕೊಟ್ಟಿತು. ದೆಹಲಿ ಕೇಳಬೇಕಾದದ್ದು ಇಂಥದೇ ಒಂದು ಉಪವಿಧಿ.