ಕೌಶಿಕನ ಏಕಾಕಿತನ: ಹರಿಹರನ ರಗಳೆಯಲ್ಲಿ ಅಡಗಿರುವ ಕಿರುಚಿತ್ರ

ಐಶ್ವರ್ಯವಂತನೂ ಏಕಾಕಿಯೂ ಆದವನೊಬ್ಬನು ಪರರ ಅಂಗೀಕಾರಕ್ಕಾಗಿ ಹಂಬಲಿಸಿ ನಗೆಗೀಡಾಗುವ ವೃತ್ತಾಂತವು ವಿಡಂಬನಾತ್ಮಕ ಕಿರುಚಿತ್ರಕ್ಕೆ ಒಪ್ಪುವ ವಸ್ತುವಾಗಿದ್ದು, ಶಿಕಾರಿಪುರ-ಸೊರಬಗಳ ಸೀಮೆಯವರು ಅದನ್ನು ಅನ್ಯತ್ರ ಅರಸಬೇಕಾದುದಿಲ್ಲ. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಬರುವ, ಆ ಸೀಮೆಯದೇ ಆದ ಉಡುತಡಿಯ ದೊರೆ ಕೌಶಿಕನು ಅಂತಹವನೇ. ಅಕ್ಕನ ವೈರಾಗ್ಯದ ಪ್ರಭೆಗೆ ಮನಸೋತ ನಾವು ಅವನನ್ನು ಕಾಮುಕ ದೊರೆಯೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಕವಿಯು ಹಾಗೆ ಮುಗಿಸಿಲ್ಲ.

ಮಹಾದೇವಿಯನ್ನು ಕಂಡು ಮೋಹಿತನಾದ ಕೌಶಿಕನು ಮೊದಲು ತಾನಾಗಿ ಬಾರದೆ ಮಂತ್ರಿಗಳನ್ನು ಕಳುಹಿಸುತ್ತಾನೆ. ಶಿವಭಕ್ತನಲ್ಲದ ಭವಿಗೆ ಮಗಳನ್ನು ಕೊಡೆವೆಂದ ತಾಯಿತಂದೆಗಳನ್ನು ಬೆದರಿಸುತ್ತಾನೆ. ಕಡೆಗೆ ಶಿವಪೂಜೆ, ಮಾಹೇಶ್ವರರ ಗೋಷ್ಠಿ, ಗುರುಸೇವೆಗಳಲ್ಲಿ ತನ್ನಿಚ್ಛೆಯಂತೆ ನಡೆಯುವೆನೆಂದು ಅವಳು ಒಡ್ಡಿದ ಕರಾರಿಗೆ ತಲೆಬಾಗಿ ಅವಳನ್ನು ವರಿಸುತ್ತಾನೆ. ಆಳುವವನು ಆಳಿಸಿಕೊಳ್ಳಲು ಒಪ್ಪಿದ ಈ ಗಳಿಗೆಯಿಂದಲೇ ವಿಡಂಬನೆಯು ಮೊದಲಾಗುತ್ತದೆ. ಮೂರು ಬಾರಿ ಮಾತಿಗೆ ತಪ್ಪಿ ಅವಳನ್ನು ಕಳೆದುಕೊಂಡಮೇಲೆ ಅವನು ಮಾಡುವ ಕೆಲಸವಾದರೋ ರಗಳೆಯ ಅತ್ಯಂತ ತೀಕ್ಷ್ಣವಾದ ದೃಶ್ಯ: ಶಿವಭಕ್ತನ ವೇಷವನ್ನು ತಳೆದು ಶ್ರೀಶೈಲಕ್ಕೆ ಬಂದು ಅವಳಿಗೆ ಎರಗುತ್ತಾನೆ. ಅರಮನೆಯಿಂದ ಆಗದುದು ವೇಷದಿಂದಲಾದರೂ ಆದೀತೆಂಬ ಈ ಎಣಿಕೆಯು ಹಾಸ್ಯಾಸ್ಪದವಾದಷ್ಟೇ ಕರುಣಾಜನಕವೂ ಆಗಿದೆ.

ಇದರ ಮರ್ಮವನ್ನು ಅರಿಯಲು ಉಡುತಡಿಗೆ ಸಮೀಪದಲ್ಲಿರುವ ಬಳ್ಳಿಗಾವೆಯನ್ನು ನೋಡಬೇಕು. ಬನವಾಸಿ ಪನ್ನಿರ್ಚ್ಛಾಸಿರವೆಂಬ ನಾಡಿಗೆ ರಾಜಧಾನಿಯಾಗಿದ್ದ ಆ ಪಟ್ಟಣದ ಕೋಡಿಯ ಮಠವನ್ನು 1162ರ ಶಾಸನವು ವರ್ಣಿಸುವಾಗ, ದೀನರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು, ನಾನಾ ಮತಗಳ ಭಿಕ್ಷುಗಳು, ಬತ್ತಲೆ ತಿರುಗುವವರು ಇವರೆಲ್ಲರಿಗೂ ಅಲ್ಲಿ ಅನ್ನವು ದೊರೆಯುತ್ತಿದ್ದಿತೆಂದು ಹೇಳುತ್ತದೆ. ಏನೂ ಇಲ್ಲದವನನ್ನು ಏನನ್ನೂ ಕೇಳದೆ ಬರಮಾಡಿಕೊಳ್ಳುತ್ತಿದ್ದ ನಾಡಿನಲ್ಲಿ ಎಲ್ಲವೂ ಉಳ್ಳವನೊಬ್ಬನು ಒಂದು ಹೃದಯದ ಹೊರಬಾಗಿಲಲ್ಲಿ ನಿಲ್ಲಬೇಕಾಯಿತೆಂಬುದು ನನ್ನನ್ನು ಬಹುವಾಗಿ ಕಲಕಿದೆ.

ಇಂತಹ ಏಕಾಕಿ ಸಿರಿವಂತನು ಚಲನಚಿತ್ರಕ್ಕೆ ಹೊಸಬನೇನಲ್ಲ. ಚಾಪ್ಲಿನ್ನನ 'ಸಿಟಿ ಲೈಟ್ಸ್' (1931) ಚಿತ್ರದ ಶ್ರೀಮಂತನು ಕುಡಿದ ಅಮಲಿನಲ್ಲಿ ಅಲೆಮಾರಿಯನ್ನು ತಬ್ಬಿಕೊಂಡು ಅಮಲಿಳಿದೊಡನೆ ಅವನ ಗುರುತನ್ನೇ ಮರೆಯುತ್ತಾನೆ. ಕೌಶಿಕನಿಗೆ ಆ ಮರೆವಿನ ಸೌಲಭ್ಯವೂ ಇಲ್ಲ.

ಈ ವಸ್ತುವನ್ನು ಚಿತ್ರಿಸುವವರು ವಿವಾಹದ ಪ್ರಸಂಗವನ್ನು ಎಷ್ಟುಮಾತ್ರಕ್ಕೂ ಬಿಡಕೂಡದು. ಶ್ರೀಗಂಧದ ಕೆತ್ತನೆಗೆ ಹೆಸರಾದ ಸೊರಬದ ಗುಡಿಗಾರರು ಬೆಂಡನ್ನು ತೆಳ್ಳಗೆ ಸೀಳಿ, ಬಣ್ಣಹಚ್ಚಿ, ಮಿರುಗುವ ಕಾಗದವನ್ನು ಅಂಟಿಸಿ ಬಾಸಿಂಗ ಕಟ್ಟುತ್ತಾರೆ. ದೂರಕ್ಕೆ ಹೊನ್ನಿನಂತೆ ತೋರುವ ಅದನ್ನು ಕೈಯಲ್ಲಿ ಹಿಡಿದರೆ ಭಾರವೇ ತಿಳಿಯದು. ಕೌಶಿಕನ ಹಣೆಗೆ ಅದನ್ನು ಕಟ್ಟಿ ಕ್ಯಾಮರವನ್ನು ಹತ್ತಿರಕ್ಕೆ ತಂದರೆ ಸಾಕು, ಬೇರೆ ವ್ಯಾಖ್ಯಾನವು ಬೇಡ.

ಹದಿನೈದನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಈ ವಿವಾಹವನ್ನೇ ತೆಗೆದುಹಾಕಿ, ಅರಮನೆಗೆ ಬಂದ ಮಹಾದೇವಿಯು ಉಡುಗೆಯನ್ನು ತೊರೆದು ಹೊರಟುಹೋದಳೆಂದು ಹೇಳಿರುವನು. ಇದರಿಂದ ಅಕ್ಕನ ಮಹಿಮೆಯು ನಿಷ್ಕಳಂಕವಾಯಿತು, ನಿಜ. ಆದರೆ ಒಂದೇ ಸೂರಿನಡಿ ಬಾಳಿಯೂ ಅನ್ಯನಾಗಿಯೇ ಉಳಿದ ಕೌಶಿಕನ ಸಂಕಟವು ಚಾಮರಸನ ಕಾವ್ಯದಿಂದ ಮರೆಯಾಯಿತು. ಆದುದರಿಂದ ಚಿತ್ರಕಥೆಗೆ ಆಧಾರವಾಗಬೇಕಾದುದು ಹರಿಹರನ ಪಾಠವೇ ಹೊರತು ಚಾಮರಸನದಲ್ಲ.