ಬಚ್ಚಲುಮನೆಗೆ ಬಿಸಿನೀರು: ಮನೆ ಕಟ್ಟಿಸುವವರಿಗೆ ಸೋಲಾರ್ ಮಾಹಿತಿ

ಮನೆಯನ್ನು ಗುತ್ತಿಗೆಗೆ ಒಪ್ಪಿಸದೆ, ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್‌ರನ್ನು ತಾವೇ ಗೊತ್ತುಮಾಡಿ ಕಟ್ಟಿಸುವವರು ಬಿಸಿನೀರಿನ ವಿಚಾರವನ್ನು ಸಾಮಾನ್ಯವಾಗಿ ಕೊನೆಗೆ ಉಳಿಸಿಕೊಳ್ಳುತ್ತಾರೆ. ಹಂಡೆಯ ಕಾಲದಲ್ಲಿ ಅದು ಸಲ್ಲುತ್ತಿತ್ತು. ಒಲೆಯೂ ನೀರೂ ಬಚ್ಚಲಲ್ಲೇ ಇದ್ದವು. ಸೋಲಾರ್ ವ್ಯವಸ್ಥೆಯಲ್ಲಿ ನೀರು ಕಾಯುವುದು ತಾರಸಿಯಲ್ಲಿ, ಬಳಕೆಯಾಗುವುದು ಒಂದೆರಡು ಅಂತಸ್ತು ಕೆಳಗೆ. ನಡುವಿನ ಕೊಳವೆ ಗೋಡೆಯೊಳಗೆ ಹುದುಗಿರುತ್ತದೆ. ಟೈಲ್ಸ್ ಕೂರಿಸಿದ ಮೇಲೆ ತಪ್ಪು ತಿದ್ದಬೇಕಾದರೆ ಗೋಡೆಯನ್ನೇ ಒಡೆಯಬೇಕು. ನಗರಗಳ ಹೊಸ ಕಟ್ಟಡಗಳಲ್ಲಿ ಹಲವು ವರ್ಗಗಳಿಗೆ ರಾಜ್ಯ ಸರ್ಕಾರ 2007ರಲ್ಲಿ ಸೋಲಾರ್ ವಾಟರ್ ಹೀಟರ್ ಕಡ್ಡಾಯಗೊಳಿಸಿತು. ಆದರೂ ಈ ತಪ್ಪು ನಿಂತಿಲ್ಲ.

ಮೊದಲು ನಿರ್ಧರಿಸಬೇಕಾದದ್ದು ಎತ್ತರ. ಮನೆಗಳಲ್ಲಿ ಬಳಸುವ ಸಾಮಾನ್ಯ ಸೋಲಾರ್‌ಗೆ ಪಂಪ್ ಇರುವುದಿಲ್ಲ. ಕಾದ ನೀರು ಹಗುರಾಗಿ ಟ್ಯಾಂಕಿನ ಮೇಲ್ಭಾಗಕ್ಕೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ; ದಿನವಿಡೀ ಈ ಸುತ್ತು ತಾನಾಗಿ ನಡೆಯುತ್ತದೆ. ಇದಕ್ಕೆ ತಣ್ಣೀರು ಒದಗಿಸುವ ಓವರ್‌ಹೆಡ್ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು. ಹಾಗಿಲ್ಲದಿದ್ದರೆ ಸೋಲಾರ್ ಟ್ಯಾಂಕ್ ಪೂರ್ತಿ ತುಂಬುವುದೇ ಇಲ್ಲ. ಸಿಂಟೆಕ್ಸ್ ಟ್ಯಾಂಕನ್ನು ತಾರಸಿಯ ನೆಲದ ಮೇಲೆಯೇ ಇಟ್ಟು ಆಮೇಲೆ ಪರದಾಡುವವರು ಕಡಿಮೆಯಲ್ಲ. ಗಾಳಿ ಹೊರಹೋಗುವ ಕೊಳವೆಯನ್ನು ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು, ಬಾಯಿ ತೆರೆದೇ ಬಿಡಬೇಕು. ಅದಕ್ಕೆ ವಾಲ್ವ್ ಹಾಕುವುದು ಅಪಾಯಕಾರಿ. 200 ಲೀಟರ್ ನೀರೆಂದರೆ 200 ಕಿಲೋ ಭಾರ. ಟ್ಯಾಂಕು, ಚೌಕಟ್ಟಿನ ತೂಕ ಬೇರೆ. ಸ್ಥಳವನ್ನು ಎಂಜಿನಿಯರ್ ತೊಲೆಯ ಲೆಕ್ಕ ನೋಡಿಯೇ ಗುರುತಿಸಬೇಕು.

ಫಲಕ ದಕ್ಷಿಣಾಭಿಮುಖವಾಗಿರಬೇಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅಲ್ಲಿ ನಡುಹಗಲ ಸೂರ್ಯ ಕ್ಷಿತಿಜದಿಂದ ಸುಮಾರು 53 ಡಿಗ್ರಿ ಮಾತ್ರ ಮೇಲಿರುತ್ತಾನೆ. ಬಿಸಿನೀರು ಹೆಚ್ಚು ಬೇಕಾಗುವ ಚಳಿಗಾಲದಲ್ಲಿಯೇ ದಕ್ಷಿಣದ ಪಕ್ಕದ ಮನೆಯ ನೆರಳು ತಾರಸಿಯ ಮೇಲೆ ಉದ್ದಕ್ಕೆ ಚಾಚುತ್ತದೆ. ಏಪ್ರಿಲ್‌ನಲ್ಲಿ ಜಾಗ ನೋಡಿ ನಿಶ್ಚಿಂತರಾಗುವುದು ಸರಿಯಲ್ಲ.

ಕೊಳವೆಗೆ ಸಾಮಾನ್ಯ ಪಿವಿಸಿ ಸಲ್ಲದು; ಅದು ಬಿಸಿಗೆ ಮೆತ್ತಗಾಗುತ್ತದೆ. ಸಿಪಿವಿಸಿ ಬಳಸಿ, ಬಿಸಿಲಿಗೆ ಬೀಳುವ ಭಾಗಕ್ಕೆ ಶಾಖನಿರೋಧಕ ಹೊದಿಕೆ ಹಾಕಬೇಕು. 15 ಮಿಲಿಮೀಟರ್ ಒಳವ್ಯಾಸದ 15 ಮೀಟರ್ ಕೊಳವೆಯಲ್ಲಿ ಸುಮಾರು 2.6 ಲೀಟರ್ ನೀರು ನಿಲ್ಲುತ್ತದೆ. ಪ್ರತಿ ಬೆಳಿಗ್ಗೆ ಆ ತಣ್ಣೀರು ಹರಿದುಹೋದ ಮೇಲೆಯೇ ಬಿಸಿನೀರು ಬರುತ್ತದೆ. ಬಚ್ಚಲುಮನೆಗಳನ್ನು ಒಂದರ ಮೇಲೊಂದು ಬರುವಂತೆ ನಕ್ಷೆಯಲ್ಲೇ ಯೋಜಿಸಿದರೆ ಈ ನಷ್ಟ ತಗ್ಗುತ್ತದೆ. ಮಿಕ್ಸರ್ ನಲ್ಲಿಗೆ ಬರುವ ತಣ್ಣೀರು, ಬಿಸಿನೀರು ಎರಡರ ಮೂಲವೂ ಒಂದೇ ಓವರ್‌ಹೆಡ್ ಟ್ಯಾಂಕಾಗಿರಬೇಕು. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪ್ ಕೂರಿಸಿದರೆ ಅದು ಬಿಸಿನೀರಿನ ಕೊಳವೆಗೇ ನುಗ್ಗುತ್ತದೆ. ಸೋಲಾರ್ ಕೆಟ್ಟಿದೆಯೆಂಬ ಎಷ್ಟೋ ದೂರುಗಳ ಮೂಲ ಇದೇ. ಗಾರೆ ಮುಚ್ಚುವ ಮುನ್ನ ಕೊಳವೆಗೆ ಒತ್ತಡ ಕೊಟ್ಟು ಪರೀಕ್ಷಿಸುವುದನ್ನು ಮರೆಯಬಾರದು.

ಬೋರ್‌ವೆಲ್‌ನ ಗಡಸು ನೀರಾದರೆ ಚಪ್ಪಟೆ ಫಲಕದ ಸಣ್ಣ ತಾಮ್ರದ ನಳಿಕೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ. ಅಲ್ಲಿ ಅಗಲ ಬಾಯಿಯ ಗಾಜಿನ ಕೊಳವೆಗಳು ಮೇಲು; ಒಡೆದರೆ ಒಂದನ್ನಷ್ಟೇ ಬದಲಿಸಬಹುದು.

ಮೋಡದ ದಿನಗಳಿಗೆ ಪರ್ಯಾಯ ಬೇಕೇ ಬೇಕು. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 4.6 ಯೂನಿಟ್ ವಿದ್ಯುತ್ ತಗಲುತ್ತದೆ. 2 ಕಿಲೋವ್ಯಾಟ್ ಕಾಯಿಲ್‌ಗೆ ಅದು ಎರಡು ತಾಸಿಗೂ ಹೆಚ್ಚಿನ ಕೆಲಸ. ಅರ್ತಿಂಗ್ ಮತ್ತು ಸೋರಿಕೆ ವಿದ್ಯುತ್ ತಡೆಯುವ ಬ್ರೇಕರ್ ಇಲ್ಲದೆ ಕಾಯಿಲ್ ಜೋಡಿಸಲೇಬಾರದು. ಗ್ಯಾಸ್ ಗೀಸರ್ ಆರಿಸಿಕೊಂಡರೆ ಅದನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಅಳವಡಿಸಬೇಕು. ಮುಚ್ಚಿದ ಕೋಣೆಯಲ್ಲಿ ಅದು ಹೊರಸೂಸುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಅಲ್ಲೇ ಸಾವನ್ನಪ್ಪಿದ ಪ್ರಕರಣಗಳು ಬೆಂಗಳೂರಿನಲ್ಲೇ ನಡೆದಿವೆ.

ಜೋಡಣೆ ಮುಗಿದ ದಿನ ಮಧ್ಯಾಹ್ನ ನೀರು ತುಂಬಬಾರದು. ಬಿಸಿಲಲ್ಲಿ ಖಾಲಿ ಕಾದ ಗಾಜಿನ ಕೊಳವೆಗಳು ತಣ್ಣೀರು ತಗುಲಿದೊಡನೆ ಸೀಳುತ್ತವೆ. ಮರುದಿನ ಸೂರ್ಯೋದಯಕ್ಕೆ ಮುನ್ನ ತುಂಬುವುದು ಕ್ಷೇಮ.